ರೋಲರಿನ ಭಾರ

ಕ್ರಿಕೆಟ್ ಪಂದ್ಯದ ವೀಕ್ಷಕ ವಿವರಣೆಯನ್ನು ರೇಡಿಯೋದಲ್ಲಿ ಕೇಳುವ ಅಭ್ಯಾಸ ನಿಮಗಿದ್ದರೆ, ಬೆಳಗಿನ ಆಟ ಮೊದಲಾಗುವ ಮುನ್ನ ಒಂದು ವಾರ್ತೆ ಕಿವಿಗೆ ಬಿದ್ದಿರಬೇಕು: ದಾಂಡು ಹಿಡಿಯುವ ತಂಡದ ನಾಯಕರು ಭಾರಿ ರೋಲರನ್ನು ಕೇಳಿದರು, ಅಥವಾ ಹಗುರ ರೋಲರೇ ಸಾಕೆಂದರು. ಆ ಹೊತ್ತಿಗೆ ನಾವು ಕಾಫಿಯ ಲೋಟಕ್ಕೆ ಕೈ ಚಾಚಿರುತ್ತೇವೆ. ಆದರೆ ಈ ಆಯ್ಕೆಯ ಹಿಂದೆ ಒಂದೂವರೆ ಶತಮಾನದ ಚರಿತ್ರೆಯಿದೆ. ಅದರಲ್ಲಿ ಒಬ್ಬ ತರುಣನ ಸಾವೂ ಸೇರಿದೆ.

ಲಂಡನ್ನಿನ ಲಾರ್ಡ್ಸ್ ಮೈದಾನವೆಂದರೆ ಇಂದು ನಮ್ಮ ಕಣ್ಣಿಗೆ ಹಸುರು ರತ್ನಗಂಬಳಿ ಕಟ್ಟುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅದರ ಸ್ಥಿತಿ ಹಾಗಿರಲಿಲ್ಲ. ಅಲ್ಲಿ ಹುಲ್ಲು ಮೇಯ್ದು ಮಟ್ಟ ಮಾಡುವ ಕೆಲಸ ಕುರಿಗಳದು. ಪಿಚ್ಚಿನಲ್ಲಿ ಉಬ್ಬುತಗ್ಗು, ಸಣ್ಣ ಸಣ್ಣ ಕಲ್ಲು. ಮೈದಾನ ನೋಡಿಕೊಳ್ಳಲು ಸಂಬಳದ ಆಳೊಬ್ಬನನ್ನು ನೇಮಿಸಿದ್ದೇ 1864ರಲ್ಲಿ. ಚೆಂಡು ಎಲ್ಲಿ ಪುಟಿಯುವುದೋ ಎಸೆದವನಿಗೂ ತಿಳಿಯದು!

1870ರ ಜೂನ್ ತಿಂಗಳಲ್ಲಿ ಎಂ.ಸಿ.ಸಿ. ತಂಡಕ್ಕೂ ನಾಟಿಂಗ್‌ಹ್ಯಾಂಶೈರಿಗೂ ಅಲ್ಲಿ ಪಂದ್ಯ ನಡೆಯಿತು. ಡಬ್ಲ್ಯು. ಜಿ. ಗ್ರೇಸ್ ಆ ಪಂದ್ಯದಲ್ಲಿ 117 ಓಟ ಗಳಿಸಿ ಅಜೇಯರಾಗಿ ಉಳಿದರು. ಆದರೆ ಪಂದ್ಯ ಇಂದಿಗೂ ನೆನಪಿನಲ್ಲಿರುವುದು ಅದಕ್ಕಾಗಿ ಅಲ್ಲ. ನಾಟಿಂಗ್‌ಹ್ಯಾಂಶೈರಿನ ಜಾರ್ಜ್ ಸಮ್ಮರ್ಸ್, ಇಪ್ಪತ್ತೈದು ವರ್ಷದವನು, ದಾಂಡು ಹಿಡಿದಿದ್ದಾಗ ಜಾನ್ ಪ್ಲಾಟ್ಸ್ ಎಸೆದ ವೇಗದ ಚೆಂಡು ನೆಲದಿಂದ ಸಿಡಿದೆದ್ದು ತಲೆಗೆ ಬಡಿಯಿತು. ಮುಂದೆ ಆಡಲು ಬಂದ ರಿಚರ್ಡ್ ಡ್ಯಾಫ್ಟ್ ತಲೆಗೆ ಟವೆಲು ಸುತ್ತಿಕೊಂಡೇ ಬಂದರು. ಸಮ್ಮರ್ಸ್ ಚೇತರಿಸಿಕೊಂಡಂತೆ ಕಂಡ, ರೈಲಿನಲ್ಲಿ ಊರಿಗೂ ಹೋದ. ಜೂನ್ 19ರಂದು ತೀರಿಕೊಂಡ. ಆ ಮೇಲೆ ಪ್ಲಾಟ್ಸ್ ವೇಗದ ಎಸೆತವನ್ನೇ ಬಿಟ್ಟು ನಿಧಾನದ ಎಸೆತಗಾರನಾದ ಎನ್ನುತ್ತಾರೆ. ತಪ್ಪು ಅವನದಲ್ಲ, ನೆಲದ್ದು. ಆದರೂ ಮನಸ್ಸು ಕೇಳಬೇಕಲ್ಲ.

ಲಾರ್ಡ್ಸಿನ ಪಿಚ್ಚಿನ ಮೇಲೆ ಭಾರಿ ರೋಲರು ಉರುಳತೊಡಗಿದ್ದು ಅದೇ ವರ್ಷ. ಆ ಕಾಲದ ದೊಡ್ಡ ರೋಲರುಗಳನ್ನು ಎಳೆಯುತ್ತಿದ್ದವು ಕುದುರೆಗಳು. ಗೊರಸಿನ ಗುರುತು ಹುಲ್ಲಿನ ಮೇಲೆ ಮೂಡದಿರಲೆಂದು ಅವುಗಳ ಕಾಲಿಗೆ ತೊಗಲಿನ ಬೂಟು ತೊಡಿಸುತ್ತಿದ್ದರು. ಆಟಗಾರನ ತಲೆಗೆ ಶಿರಸ್ತ್ರಾಣ ಬರಲು ಮುಂದೆ ನೂರು ವರ್ಷ ಹಿಡಿಯಿತು; ಕುದುರೆಯ ಕಾಲಿಗೆ ಮಾತ್ರ ಆಗಲೇ ರಕ್ಷಣೆ ದೊರೆತಿತ್ತು!

ಔಷಧ ಒಳ್ಳೆಯದೆಂದು ಸೀಸೆಯನ್ನೇ ಕುಡಿದಂತೆ ಮುಂದಿನ ಕಥೆ. 1920-30ರ ದಶಕಗಳ ಹೊತ್ತಿಗೆ ಇಂಗ್ಲೆಂಡಿನ ಹಲವು ಮೈದಾನಗಳಲ್ಲಿ ಜೇಡಿಯಂಥ ಮಣ್ಣು ಹಾಕಿ, ನೀರುಣಿಸಿ, ರೋಲರು ಎಳೆದೆಳೆದು ಪಿಚ್ಚನ್ನು ಸಿಮೆಂಟಿನ ನೆಲದಂತೆ ಮಾಡಿಬಿಟ್ಟರು. ಓವಲ್ ಮೈದಾನದ ಮೇಲ್ವಿಚಾರಕ ‘ಬಾಸರ್’ ಮಾರ್ಟಿನ್ನನ ದೈತ್ಯ ರೋಲರಿಗೆ ‘ಬಾಸರನ ಮುದ್ದಿನ ಮರಿ’ ಎಂಬರ್ಥದ ಅಡ್ಡಹೆಸರೇ ಇತ್ತು. 1938ರ ಆಗಸ್ಟಿನಲ್ಲಿ ಆ ನೆಲದ ಮೇಲೆ ಇಂಗ್ಲೆಂಡ್ ಆಸ್ಟ್ರೇಲಿಯದ ವಿರುದ್ಧ 7 ವಿಕೆಟ್ಟಿಗೆ 903 ಓಟ ಗಳಿಸಿತು. ಲೆನ್ ಹಟನ್ 13 ಗಂಟೆ 17 ನಿಮಿಷ ನಿಂತು 364 ಹೊಡೆದರು. ಪಾಪ, ಫ್ಲೀಟ್‌ವುಡ್-ಸ್ಮಿತ್ 298 ಓಟ ತೆತ್ತು ಪಡೆದದ್ದು ಒಂದೇ ವಿಕೆಟ್. ಹಟನ್ನರ ಸಾಧನೆಯನ್ನು ಕಡಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಆ ಮೊತ್ತದಲ್ಲಿ ರೋಲರಿನ ಪಾಲನ್ನೂ ಬರೆದಿಡುವುದು ನ್ಯಾಯ.

ಇಂದಿನ ನಿಯಮ ರೋಲರಿಗೆ ಲಗಾಮು ಹಾಕಿದೆ. ಪಂದ್ಯದ ಮೊದಲ ಸರದಿಯನ್ನು ಬಿಟ್ಟು ಉಳಿದ ಸರದಿಗಳಿಗೆ ಮುನ್ನ, ಮತ್ತು ಮೊದಲ ದಿನವನ್ನು ಬಿಟ್ಟು ಪ್ರತಿದಿನ ಆಟಕ್ಕೆ ಮುನ್ನ, ದಾಂಡು ಹಿಡಿಯುವ ತಂಡದ ನಾಯಕ ಕೇಳಿದರೆ ಹೆಚ್ಚೆಂದರೆ 7 ನಿಮಿಷ ಉರುಳಿಸಬಹುದು. ಒಂದಕ್ಕಿಂತ ಹೆಚ್ಚು ರೋಲರುಗಳಿದ್ದರೆ ಯಾವುದು ಬೇಕೆಂದು ಹೇಳುವ ಹಕ್ಕೂ ಅವನದೇ. ಬಿರುಕು ಬಿಟ್ಟು ಉದುರುತ್ತಿರುವ ಪಿಚ್ಚಿಗೆ ಭಾರಿ ರೋಲರು ಎಳೆಸಿದರೆ ಅದು ಇನ್ನಷ್ಟು ಪುಡಿಯಾದೀತೆಂದು ಹಗುರವನ್ನು ಕೇಳುವ ನಾಯಕರು ಉಂಟು.

ಹಾಗಾದರೆ ಸರಿಯಾದ ರೋಲರು ಯಾವುದು? ಎಷ್ಟು ಟನ್ನು ಎಂಬ ಒಂದೇ ಪ್ರಶ್ನೆ ಕೇಳಿದರೆ ಉತ್ತರ ಸಿಗದು. ಅದೇ ಭಾರ ಅಗಲವಾದ ಉರುಳೆಯಲ್ಲಿ ಹರಡಿಹೋದರೆ ಒತ್ತಡ ಕಡಮೆ, ಕಿರಿದಾದದ್ದರಲ್ಲಿ ಹೆಚ್ಚು. ಉರುಳೆಯ ವ್ಯಾಸ ಸಣ್ಣದಾದರೆ ಅದು ಮಣ್ಣನ್ನು ಕೆಳಗೆ ಒತ್ತುವ ಬದಲು ಮುಂದಕ್ಕೆ ಅಲೆಯಂತೆ ತಳ್ಳಿ ಹುಲ್ಲಿನ ಬೇರನ್ನು ಕಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ನೆಲದ ತೇವ. ನಮ್ಮ ಹಳ್ಳಿಗಳಲ್ಲಿ ಕಣ ಮಾಡುವ ರೈತನನ್ನು ಕೇಳಿ ನೋಡಿ: ನೀರು ಚಿಮುಕಿಸಿ ಹದ ಬಂದ ಮೇಲೆ ತಾನೆ ಅವನು ನೆಲವನ್ನು ಗಟ್ಟಿ ಮಾಡುವುದು? ಒಣಗಿ ಕಲ್ಲಾದ ಜೇಡಿಯ ಮೇಲೆ ಎಷ್ಟು ಉರುಳಿಸಿದರೂ ಮೇಲ್ಮೈ ಹೊಳೆಯುತ್ತದೆ, ಒಳಗೇನೂ ಆಗುವುದಿಲ್ಲ. ಕೆಸರಾಗಿರುವಾಗ ಎಳೆದರೆ ಹುಲ್ಲು ಉಸಿರುಕಟ್ಟುತ್ತದೆ. ಆದ್ದರಿಂದಲೇ ಅನುಭವಸ್ಥರು ಆಟದ ಋತುವಿಗೆ ಮುನ್ನ ಹಗುರ ರೋಲರಿನಿಂದ ಆರಂಭಿಸಿ, ನೆಲ ಹದಗೊಂಡಂತೆ ಭಾರವನ್ನು ಏರಿಸುತ್ತಾ ಹೋಗುತ್ತಾರೆ.

ನಿಮ್ಮ ಮಕ್ಕಳ ಶಾಲೆಯ ಮೈದಾನದ ಮೂಲೆಯಲ್ಲಿ ತುಕ್ಕು ಹಿಡಿದ ರೋಲರೊಂದು ಬಿದ್ದಿದ್ದರೆ, ಅದು ಕ್ರಿಕೆಟ್ಟಿನ ಇಪ್ಪತ್ತೆರಡು ಗಜಕ್ಕೆ ಆದೀತು. ಫುಟ್‌ಬಾಲಿನ ಹುಲ್ಲುನೆಲದುದ್ದಕ್ಕೂ ಅದನ್ನು ಎಳೆಸಬೇಡಿ. ಅಲ್ಲಿ ಮಣ್ಣಿನ ಸಂದುಗಳಲ್ಲಿರುವ ಗಾಳಿಯೇ ಹುಲ್ಲಿನ ಜೀವ. ಸಂದು ಮುಚ್ಚಿದರೆ ಮೊದಲ ಮಳೆಗೇ ನೀರು ಕೆರೆಯಂತೆ ನಿಲ್ಲುತ್ತದೆ. ಅಲ್ಲಿಗೆ ಬೇಕಾದದ್ದು ಹೆಚ್ಚೆಂದರೆ ಹಗುರ ರೋಲರು, ಜೊತೆಗೆ ನೆಲಕ್ಕೆ ಅಲ್ಲಲ್ಲಿ ಚುಚ್ಚಿ ತೂತು ಮಾಡುವ ಒಂದು ಮುಳ್ಳುಗೋಲು.