ಮೊಸಳೆ ಬೇಟೆಯ ನೈತಿಕತೆ

ದೊಡ್ಡ ಮೊಸಳೆಗಳನ್ನು ಮೋಜಿಗಾಗಿ ಅಥವಾ ಸಂಖ್ಯಾ ನಿಯಂತ್ರಣಕ್ಕಾಗಿ ಕೊಲ್ಲುವುದರ ಸರಿತಪ್ಪನ್ನು ಕುರಿತ ವನ್ಯಜೀವಿ ನೀತಿಯ ವಿಚಾರ. ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಸೀಮೆಯಲ್ಲಿ ಇದು ತುಂಗಭದ್ರಾ ನದಿಯ ಸಿಹಿನೀರಿನ ಮೊಸಳೆಗೆ ಅನ್ವಯಿಸುತ್ತದೆ.

ಹಿನ್ನೆಲೆ: ಬೇಟೆ ಮತ್ತು ಚರ್ಮದ ವ್ಯಾಪಾರದಿಂದ 20ನೆಯ ಶತಮಾನದ ಮಧ್ಯಭಾಗದಲ್ಲಿ ಭಾರತದ ಮೊಸಳೆಗಳು ತೀವ್ರವಾಗಿ ಕುಸಿದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅವುಗಳಿಗೆ ರಕ್ಷಣೆ ನೀಡಿತು. 1975ರಲ್ಲಿ ಮೊಸಳೆ ಸಂರಕ್ಷಣಾ ಯೋಜನೆ ಆರಂಭವಾಯಿತು. ಮೋಜಿನ ಬೇಟೆ ನಿಷಿದ್ಧ. ಮನುಷ್ಯರ ಜೀವಕ್ಕೆ ಅಪಾಯವಾದ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು; ಹಿಡಿದು ಸಾಗಿಸಲು ಸಾಧ್ಯವಿಲ್ಲವೆಂದು ಅವರಿಗೆ ಮನವರಿಕೆಯಾಗಿರಬೇಕು.

ಜೀವಿ ಲಕ್ಷಣ: ಸಿಹಿನೀರಿನ ಮೊಸಳೆ ನದಿಯ ಬಂಡೆಗಳ ಮೇಲೆ ಬಾಯಿ ತೆರೆದು ಬಿಸಿಲು ಕಾಯುತ್ತದೆ. ಹೆಣ್ಣು ದಡದ ಮರಳಿನಲ್ಲಿ ಕುಳಿ ತೋಡಿ ಸುಮಾರು 25-30 ಮೊಟ್ಟೆಯಿಟ್ಟು ಕಾವಲಿರುತ್ತದೆ. ಮೊಟ್ಟೆಯೊಡೆದು ಕೂಗುವ ಮರಿಗಳನ್ನು ಬಾಯಲ್ಲಿ ಎತ್ತಿ ನೀರಿಗೆ ಬಿಡುತ್ತದೆ. ಬೆಳವಣಿಗೆ ನಿಧಾನ.

ವಾದಗಳು: ಬೇಟೆಯ ಪರ ವಾದವು ಮಾನವ ಸುರಕ್ಷತೆ ಮತ್ತು ಆದಾಯವನ್ನು ಆಧರಿಸಿದೆ; ಉದಾಹರಣೆಗೆ, ಅಮೆರಿಕದ ಲೂಯಿಸಿಯಾನಾ 1972ರಿಂದಲೂ ಫ್ಲೋರಿಡಾ 1988ರಿಂದಲೂ ಮೊಸಳೆಯ ಬಂಧುವಾದ ಆಲಿಗೇಟರ್‌ನ ಬೇಟೆಗೆ ಮಿತಿಯೊಳಗೆ ಅವಕಾಶ ನೀಡಿವೆ. ವಿರೋಧ ವಾದವು ಪ್ರಾಣಿಯ ನೋವನ್ನೂ, ದೊಡ್ಡವನ್ನು ಕೊಂದರೆ ಸಂತಾನ ನೀಡುವ ಪ್ರಾಯದವೇ ಇಲ್ಲವಾಗುವುದನ್ನೂ ಮುಂದಿಡುತ್ತದೆ.

ಮಹತ್ವ: ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ತುಂಗಭದ್ರಾ ನದಿಪಾತ್ರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವಾಯಿತು. ಮೊಸಳೆಗಳಿಗೂ ಅದೇ ನೆಲೆ. ಮೀನುಗಾರರು, ಹರಿಗೋಲು ನಡೆಸುವವರು, ಸ್ನಾನಕ್ಕಿಳಿಯುವ ಯಾತ್ರಿಕರು ಬಳಸುವ ಈ ನೀರಿನಲ್ಲಿ ಎಚ್ಚರಿಕೆ ಫಲಕ, ಸುರಕ್ಷಿತ ಸ್ನಾನಘಟ್ಟ, ಸ್ಥಳಾಂತರ ಇವು ಕೊಲ್ಲದೆ ಅಪಾಯ ತಗ್ಗಿಸುವ ಮಾರ್ಗಗಳು.