ಸೇತುವೆ ಮೇಲಿನ ಎರಡು ವರ್ಷ

ಕಳೆದ ಏಪ್ರಿಲ್‌ನ ಅಪ್ರೈಸಲ್‌ನಲ್ಲಿ ನನಗೆ ಒಳ್ಳೆಯ ರೇಟಿಂಗ್ ಬಂತು. ಮ್ಯಾನೇಜರ್ ಹೊಗಳಿದರು, ಟೀಮ್‌ನವರು ಪಾರ್ಟಿ ಯಾವಾಗ ಅಂದರು. ನನಗೆ ಮಾತ್ರ ಒಳಗೊಳಗೇ ಕಸಿವಿಸಿ. ಅಷ್ಟೊಂದು ಹೊಗಳಿಸಿಕೊಂಡ ಕೋಡ್‌ನಲ್ಲಿ ಅರ್ಧ ನನಗೇ ಸರಿಯಾಗಿ ಅರ್ಥವಾಗಿರಲಿಲ್ಲ. ಹೇಗೋ ಓಡ್ತಿತ್ತು, ಅಷ್ಟೇ. ಇದನ್ನ ಯಾರ ಹತ್ರ ಹೇಳ್ಕೊಳ್ಳೋದು? ರಾತ್ರಿ ಕ್ಯಾಬ್‌ನಲ್ಲಿ ಮನೆಗೆ ಬರುವಾಗ ಕಿವಿಯಲ್ಲಿ ಸಾನಿ ರಾಲಿನ್ಸ್‌ನ ‘ದಿ ಬ್ರಿಡ್ಜ್’ ಇತ್ತು. ಆ ಆಲ್ಬಂ ಹಿಂದಿನ ಕಥೆ ನನಗೆ ಮೊದಲೇ ಗೊತ್ತಿತ್ತು. ಅವತ್ತು ಮಾತ್ರ ಅದು ನನ್ನನ್ನೇ ಹುಡುಕಿಕೊಂಡು ಬಂದ ಹಾಗಿತ್ತು.

ರಾಲಿನ್ಸ್ ಹುಟ್ಟಿದ್ದು 1930ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಅಪ್ಪ ಅಮ್ಮ ಕೆರಿಬಿಯನ್‌ನ ವರ್ಜಿನ್ ದ್ವೀಪಗಳಿಂದ ಬಂದವರು. ಇಪ್ಪತ್ತು ತುಂಬುವ ಮೊದಲೇ ಹುಡುಗ ದೊಡ್ಡವರ ಜೊತೆ ರೆಕಾರ್ಡಿಂಗ್ ಮಾಡುತ್ತಿದ್ದ. ಆ ಕಾಲದ ಎಷ್ಟೋ ಜಾಝ್ ಕಲಾವಿದರ ಹಾಗೆ ಹೆರಾಯಿನ್ ಚಟಕ್ಕೂ ಬಿದ್ದ. 1950ರಲ್ಲಿ ದರೋಡೆ ಕೇಸಿನಲ್ಲಿ ಸಿಕ್ಕಿಬಿದ್ದು ಹತ್ತು ತಿಂಗಳು ರೈಕರ್ಸ್ ಐಲೆಂಡ್ ಜೈಲಿನಲ್ಲಿ ಕಳೆದ. 1955ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿದ್ದ ಸರ್ಕಾರಿ ಆಸ್ಪತ್ರೆಗೆ ಸೇರಿ ಚಟ ಬಿಟ್ಟ. ಆಮೇಲೆ ಶಿಕಾಗೋದಲ್ಲಿ ಕಸ ಗುಡಿಸುವ ಕೆಲಸವನ್ನೂ ಮಾಡಿದ. ಕ್ಲಬ್ಬಿಗೆ ಕಾಲಿಟ್ಟರೆ ಹಳೇ ದೋಸ್ತಿಗಳು, ಹಳೇ ಚಟ ಎರಡೂ ಕಾದಿರುತ್ತವೆ ಅನ್ನೋ ಭಯ ಅವನಿಗಿತ್ತು.

ವರ್ಷದ ಕೊನೆಗೆ ಮ್ಯಾಕ್ಸ್ ರೋಚ್ ಮತ್ತು ಕ್ಲಿಫರ್ಡ್ ಬ್ರೌನ್ ಅವರ ತಂಡ ಸೇರಿದ. ಬ್ರೌನ್‌ಗೆ ಯಾವ ಚಟವೂ ಇರಲಿಲ್ಲ. ನಶೆ ಇಲ್ಲದೆಯೂ ಅದ್ಭುತವಾಗಿ ನುಡಿಸಬಹುದು ಅನ್ನೋದಕ್ಕೆ ರಾಲಿನ್ಸ್‌ನ ಕಣ್ಣೆದುರಿಗಿದ್ದ ಸಾಕ್ಷಿ ಅವನು. 1956ರ ಜೂನ್ 22ರಂದು ರಾಲಿನ್ಸ್ ‘ಸ್ಯಾಕ್ಸೊಫೋನ್ ಕೊಲೋಸಸ್’ ರೆಕಾರ್ಡ್ ಮಾಡಿದ. ಇವತ್ತಿಗೂ ಅದು ಜಾಝ್‌ನ ಮೇರು ಆಲ್ಬಂಗಳಲ್ಲಿ ಒಂದು. ನಾಲ್ಕೇ ದಿನಕ್ಕೆ ಬ್ರೌನ್ ಕಾರು ಅಪಘಾತದಲ್ಲಿ ಹೋಗಿಬಿಟ್ಟ. ಅವನಿಗಾಗ ಬರೀ 25 ವರ್ಷ.

ಮುಂದಿನ ಮೂರು ವರ್ಷ ರಾಲಿನ್ಸ್ ಮುಟ್ಟಿದ್ದೆಲ್ಲ ಚಿನ್ನ. ಪಿಯಾನೋ ಕೈಬಿಟ್ಟು ಬರೀ ಬಾಸ್, ಡ್ರಮ್ಸ್ ಇಟ್ಟುಕೊಂಡು ನುಡಿಸಿದ. 1958ರಲ್ಲಿ ಕಪ್ಪು ಜನರ ಹಕ್ಕುಗಳ ಬಗ್ಗೆ ‘ಫ್ರೀಡಂ ಸೂಟ್’ ಮಾಡಿದ. ಪತ್ರಿಕೆಗಳು ಕೊಂಡಾಡಿದವು. 1959ರ ಬೇಸಿಗೆಯಲ್ಲಿ, 28ನೇ ವಯಸ್ಸಿಗೆ, ಎಲ್ಲ ನಿಲ್ಲಿಸಿಬಿಟ್ಟ. ಕಾರ್ಯಕ್ರಮ ಇಲ್ಲ, ರೆಕಾರ್ಡಿಂಗ್ ಇಲ್ಲ. ಕಾರಣ ಸರಳ: ಜನ ಹೇಳುವಷ್ಟು ಚೆನ್ನಾಗಿ ನಾನು ನುಡಿಸ್ತಿಲ್ಲ ಅಂತ ಅವನಿಗೇ ಅನ್ನಿಸಿತ್ತು.

ಆದರೆ ಅಭ್ಯಾಸ ಮಾಡೋದೆಲ್ಲಿ? ಅವನ ಮನೆ ಮ್ಯಾನ್‌ಹಟನ್‌ನ ಗ್ರ್ಯಾಂಡ್ ಸ್ಟ್ರೀಟ್‌ನಲ್ಲಿದ್ದ ಒಂದು ಪುಟ್ಟ ಅಪಾರ್ಟ್‌ಮೆಂಟ್. ಪಕ್ಕದ ಮನೆಯಲ್ಲಿ ಬಸುರಿ ಹೆಂಗಸು. ಟೆನರ್ ಸ್ಯಾಕ್ಸೊಫೋನ್ ಅಂದ್ರೆ ಗೋಡೆ ನಡುಗಿಸೋ ವಾದ್ಯ. ಒಂದಿನ ನಡೆದುಕೊಂಡು ಹೋಗುವಾಗ ವಿಲಿಯಮ್ಸ್‌ಬರ್ಗ್ ಸೇತುವೆಗೆ ಹತ್ತುವ ಮೆಟ್ಟಿಲು ಕಣ್ಣಿಗೆ ಬಿತ್ತು. ಕೆಳಗೆ ಈಸ್ಟ್ ರಿವರ್, ಪಕ್ಕದಲ್ಲಿ ಕಾರು, ಸಬ್‌ವೇ ರೈಲು. ಎಷ್ಟು ಜೋರಾಗಿ ಊದಿದರೂ ಬಯ್ಯೋರಿಲ್ಲ. ಅಲ್ಲಿಂದ ಎರಡು ವರ್ಷ ಅದೇ ಅವನ ರೂಮು. ಮೈ ಕೊರೆಯುವ ಚಳಿಗಾಲದಲ್ಲೂ ಹೋಗುತ್ತಿದ್ದ. ಕೆಲವು ದಿನ ಹದಿನೈದು, ಹದಿನಾರು ಗಂಟೆ. ನದಿಯಲ್ಲಿ ಹೋಗೋ ಬೋಟುಗಳ ಹಾರ್ನ್‌ಗೆ ಸ್ಯಾಕ್ಸೊಫೋನ್‌ನಲ್ಲೇ ಉತ್ತರ ಕೊಡುತ್ತಿದ್ದ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಒಂದು ವಿಷಯ ಬಿಟ್ಟುಬಿಡ್ತಾರೆ. ಆ ಎರಡು ವರ್ಷ ಮನೆ ನಡೆದದ್ದು ಅವನ ಸಂಗಾತಿ ಲೂಸಿಲ್‌ಳ ಸಂಬಳದಲ್ಲಿ. ಆಕೆ ಸೆಕ್ರೆಟರಿ ಕೆಲಸಕ್ಕೆ ಹೋಗುತ್ತಿದ್ದಳು. ಸೇತುವೆ ಮೇಲೆ ಒಬ್ಬ ನಿಲ್ಲಬೇಕಾದರೆ ಮನೆ ಬಾಡಿಗೆ ಇನ್ನೊಬ್ಬರು ಕಟ್ಟಬೇಕು. ಎಲ್ಲ ಬಿಟ್ಟು ಬ್ರೇಕ್ ತಗೋ ಅಂತ ಉಪದೇಶ ಮಾಡೋರು ಇದನ್ನೂ ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೇದು.

1961ರ ನವೆಂಬರ್‌ನಲ್ಲಿ ವೇದಿಕೆಗೆ ಮರಳಿದ. ಮರುವರ್ಷ ‘ದಿ ಬ್ರಿಡ್ಜ್’ ಬಂತು, ಜಿಮ್ ಹಾಲ್‌ನ ಗಿಟಾರ್ ಜೊತೆ. ಕೆಲವು ವಿಮರ್ಶಕರಿಗೆ ನಿರಾಸೆ. ಅಷ್ಟರಲ್ಲಿ ಕೋಲ್ಟ್ರೇನ್ ಮತ್ತು ಆರ್ನೆಟ್ ಕೋಲ್ಮನ್ ಜಾಝ್‌ನ ದಿಕ್ಕನ್ನೇ ಬದಲಿಸಿದ್ದರು. ಎರಡು ವರ್ಷ ತಪಸ್ಸು ಮಾಡಿ ಇಷ್ಟೇನಾ ಅಂತ ಅವರಿಗೆ ಅನ್ನಿಸಿತು. ನಂಗೇನೋ ಅವರು ತಪ್ಪು ಪ್ರಶ್ನೆ ಕೇಳ್ತಿದ್ರು ಅನ್ಸುತ್ತೆ. ಅವನು ಸೇತುವೆ ಹತ್ತಿದ್ದು ಹೊಸ ಶೈಲಿ ಕಂಡುಹಿಡಿಯೋಕಲ್ಲ, ತನ್ನ ಕಿವಿಗೆ ತಾನು ಒಪ್ಪಿಗೆಯಾಗೋಕೆ.

ಆ ಒಪ್ಪಿಗೆ ಕೊನೆವರೆಗೂ ಪೂರ್ತಿಯಾಗಿ ಸಿಕ್ಕಂತೆ ಕಾಣೋದಿಲ್ಲ. ಅರವತ್ತರ ದಶಕದ ಕೊನೆಯಲ್ಲಿ ಮತ್ತೆ ಎಲ್ಲ ಬಿಟ್ಟು ನಮ್ಮ ಮುಂಬೈನ ಪೊವಾಯಿಯ ಆಶ್ರಮವೊಂದಕ್ಕೆ ಬಂದ. ಕಣ್ಣು ಮುಚ್ಚಿ ಕೂರೋ ಧ್ಯಾನ ಒಗ್ಗಲಿಲ್ಲ. ವಾದ್ಯ ನುಡಿಸೋದೇ ನಿನ್ನ ಧ್ಯಾನ ಅನ್ನೋ ಮಾತು ಅಲ್ಲಿ ಸಿಕ್ಕಿತು. ಅದನ್ನ ಹಿಡಿದುಕೊಂಡು ವಾಪಸ್ ಹೋಗಿ ಇನ್ನೂ ನಲವತ್ತು ವರ್ಷ ನುಡಿಸಿದ. 2001ರಲ್ಲಿ ಅವಳಿ ಗೋಪುರ ಬಿದ್ದಾಗ ಅವನ ಮನೆ ಅಲ್ಲೇ ಹತ್ತಿರದಲ್ಲಿತ್ತು. ಖಾಲಿ ಮಾಡಿಸಿದಾಗ ಕೈಯಲ್ಲಿ ಹಿಡಿದು ಬಂದದ್ದು ಸ್ಯಾಕ್ಸೊಫೋನ್. ನಾಲ್ಕನೇ ದಿನ ಬೋಸ್ಟನ್‌ನಲ್ಲಿ ಕಛೇರಿ ಕೊಟ್ಟ. ಹೋಗಲೇಬೇಕು ಅಂತ ಹಟ ಹಿಡಿದವಳು ಲೂಸಿಲ್. 2012ರ ನಂತರ ಶ್ವಾಸಕೋಶದ ಕಾಯಿಲೆ ಊದುವುದನ್ನೇ ನಿಲ್ಲಿಸಿತು.

ನಾನು ಕೆಲಸ ಬಿಡಲಿಲ್ಲ. ಹೋಮ್ ಲೋನ್ ಇದೆ, ಮನೆಯಲ್ಲಿ ಲೂಸಿಲ್ ಇಲ್ಲ. ಆದರೆ ಆ ಅರ್ಥವಾಗದ ಅರ್ಧವನ್ನ ಮೊದಲಿಂದ ಓದೋಕೆ ಕೂತೆ. ದಿನಾ ಬೆಳಗ್ಗೆ ಆರರಿಂದ ಏಳು. ಯಾರಿಗೂ ಹೇಳಿಲ್ಲ. ಮೊದಲ ವಾರದಲ್ಲೇ ನನ್ನದೇ ಎರಡು ತಪ್ಪು ಸಿಕ್ಕವು.