ಎರಡೂ ಓಡುವ ಪ್ಲೇಯರ್ ಇದೆಯಾ?

ಊರಿಗೆ ಹೋಗಲು ರಜೆ ಮಂಜೂರಾಗುವ ಮೊದಲೇ ಊರಿನಿಂದ ಪಟ್ಟಿ ಬರುತ್ತಿದ್ದ ಕಾಲ ಅದು. ಅತ್ತೆಗೆ ಟೈಗರ್ ಬಾಮ್, ಮಾವನಿಗೆ ಟಾರ್ಚು, ಮಕ್ಕಳಿಗೆ ಚಾಕಲೇಟು, ನೆರೆಮನೆಯವರಿಗೆ ಹಾಲಿನ ಪುಡಿ, ಟ್ಯಾಂಗ್. ಪಟ್ಟಿಯ ಕೊನೆಯಲ್ಲಿ ಒಂದು ದೊಡ್ಡ ಸಾಮಾನು ಇದ್ದೇ ಇರುತ್ತಿತ್ತು. ನಮಗಿಂತ ಹಿಂದೆ ಬಂದವರಿಗೆ ಅದು ಟೂ-ಇನ್-ಒನ್, ಆಮೇಲಿನವರಿಗೆ ವಿ.ಸಿ.ಆರ್., ನಮ್ಮ ಕಾಲಕ್ಕೆ ಡಿಸ್ಕ್ ಪ್ಲೇಯರ್. 2007ರ ಬೇಸಿಗೆ ರಜೆಗೆ ಮುಂಚೆ ಅಬ್ಬಾಸಿಯಾದ ನಮ್ಮ ಕೋಣೆಯ ನಾಲ್ಕು ಜನ ಒಂದು ಸಂಜೆ ಹವಲ್ಲಿಯ ಇಬ್ನ್ ಖಲ್ದೂನ್ ಬೀದಿಗೆ ಹೋದೆವು. "ಹೊಸ ಎಚ್‌ಡಿ ಪ್ಲೇಯರ್ ಬಂದಿದೆಯಂತೆ, ತೋರಿಸಿ" ಅಂದೆವು. ಅಂಗಡಿಯ ಮಲಯಾಳಿ ಭಾಯಿ ನಮ್ಮನ್ನೊಮ್ಮೆ ನೋಡಿ, "ಈಗ ಬೇಡ. ಎರಡು ಜಾತಿ ಇದೆ. ಒಂದರ ಡಿಸ್ಕು ಇನ್ನೊಂದರಲ್ಲಿ ಓಡುವುದಿಲ್ಲ. ಯಾವುದು ಉಳಿಯುತ್ತದೋ ದೇವರಿಗೇ ಗೊತ್ತು" ಅಂದ. "ಎರಡೂ ಓಡುವ ಪ್ಲೇಯರ್ ಇಲ್ವಾ?" ಅಂತ ಕೇಳಿದೆವು. ಅವನು ನಕ್ಕು, "ಅಮೆರಿಕದಲ್ಲಿ ಬಂದಿದೆ. ಬೆಲೆ ಕೇಳಿದರೆ ನೀವು ಊರಿಗೆ ಹೋಗುವುದೇ ಬೇಡ ಅನ್ನುತ್ತೀರಿ" ಅಂದ.

ಈ ಪ್ರಶ್ನೆಯನ್ನು ಗಲ್ಫಿನ ಕನ್ನಡಿಗರು ಮೊದಲ ಸಲ ಕೇಳಿದ್ದು ಅಂದಲ್ಲ. ಎರಡು ಪದ್ಧತಿಗಳ ನಡುವೆ ಬದುಕುವವರಿಗೆ ಅದು ಯಾವಾಗಲೂ ಬಾಯಿಗೆ ಬರುವ ಪ್ರಶ್ನೆ.

ನಮ್ಮ ಹಿರಿಯರ ಕಾಲದಲ್ಲಿ ಜಗಳ ಇದ್ದದ್ದು ಟೇಪಿನದು. ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ ಬಂತು, ಜೆವಿಸಿಯ ವಿಎಚ್‌ಎಸ್ 1976ರಲ್ಲಿ. ಬೀಟಾದ ಚಿತ್ರ ಚೆನ್ನಾಗಿತ್ತು ಅನ್ನುವವರು ಇಂದಿಗೂ ಇದ್ದಾರೆ. ಆದರೆ ಮೊದಲ ಬೀಟಾ ಕ್ಯಾಸೆಟ್ಟಿನಲ್ಲಿ ಹಿಡಿಸುತ್ತಿದ್ದದ್ದು ಒಂದು ಗಂಟೆ, ವಿಎಚ್‌ಎಸ್‌ನಲ್ಲಿ ಎರಡು ಗಂಟೆ. ನಮ್ಮ ಸಿನಿಮಾದ ಉದ್ದ ಗೊತ್ತಿದ್ದವರು ಯಾವುದನ್ನು ಆರಿಸುತ್ತಾರೆಂದು ಬೇರೆ ಹೇಳಬೇಕೆ? 1988ರಲ್ಲಿ ಸೋನಿಯೇ ವಿಎಚ್‌ಎಸ್ ಯಂತ್ರ ಮಾಡತೊಡಗಿತು. ಕ್ಯಾಸೆಟ್ಟಿನ ಗಾತ್ರ ಬೇರೆ, ಒಳಗೆ ಟೇಪು ಎಳೆಯುವ ರೀತಿ ಬೇರೆ. ಒಂದೇ ಬಾಯಿಯ ಯಂತ್ರಕ್ಕೆ ಎರಡನ್ನೂ ತಿನ್ನಿಸುವುದು ಆಗದ ಮಾತಾಗಿತ್ತು.

ಆದರೆ ಟೇಪಿನ ಒಳಗೆ ಇನ್ನೊಂದು ಜಗಳ ಇತ್ತು, ಗಲ್ಫಿನವರಿಗೆ ಹೆಚ್ಚು ಹತ್ತಿರದ್ದು. ಕುವೈತಿನ ಟಿ.ವಿ. ಪಾಲ್ ಪದ್ಧತಿಯದು, ಭಾರತದ್ದೂ ಪಾಲ್. ಪಕ್ಕದ ಸೌದಿ, ಇರಾಕುಗಳಲ್ಲಿ ಆಗ ಇದ್ದದ್ದು ಫ್ರಾನ್ಸಿನ ಸೆಕಾಮ್. ಅಮೆರಿಕದಿಂದ ಬರುವ ಟೇಪು ಎನ್‌ಟಿಎಸ್‌ಸಿ. ಪಾಲ್ ಚಿತ್ರಕ್ಕೆ 625 ಗೆರೆ, ಎನ್‌ಟಿಎಸ್‌ಸಿಗೆ 525. ಒಂದರ ಟೇಪನ್ನು ಇನ್ನೊಂದರ ಯಂತ್ರಕ್ಕೆ ಹಾಕಿದರೆ ಚಿತ್ರ ಉರುಳುತ್ತಿತ್ತು, ಇಲ್ಲವೆ ಬಣ್ಣ ಹೋಗಿ ಕಪ್ಪು-ಬಿಳುಪಾಗುತ್ತಿತ್ತು. ಸೆಕಾಮ್ ಕಾರ್ಯಕ್ರಮವನ್ನು ವಿಎಚ್‌ಎಸ್‌ಗೆ ತುಂಬುವ ಒಂದು ರೀತಿಗೆ ಮಿಸೆಕಾಮ್ ಎಂದೇ ಹೆಸರು ಬಿತ್ತು. ಅದರ ಮೊದಲ ಎರಡಕ್ಷರ 'ಮಿಡ್ಲ್ ಈಸ್ಟ್'ನವು. ಒಂದು ತಾಂತ್ರಿಕ ಪದದೊಳಗೆ ನಾವು ದುಡಿಯುವ ಈ ಮರಳುನಾಡಿನ ಹೆಸರು ಕೂತಿದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಇದರಿಂದ ಹುಟ್ಟಿದ್ದೇ 'ಮಲ್ಟಿ ಸಿಸ್ಟಮ್' ವಿ.ಸಿ.ಆರ್. ಮತ್ತು ಟಿ.ವಿ. 1980ರ ದಶಕದಲ್ಲಿ ಮನೆಮನೆಗೆ ವಿ.ಸಿ.ಆರ್. ಇದ್ದ ದೇಶಗಳಲ್ಲಿ ಕುವೈತ್ ಜಗತ್ತಿನಲ್ಲೇ ಮುಂಚೂಣಿಯಲ್ಲಿತ್ತು. ಊರಿನಲ್ಲೂ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ವರ್ಷ ದೂರದರ್ಶನಕ್ಕೆ ಬಣ್ಣ ಬಂದು, ಬಣ್ಣದ ಟಿ.ವಿ.ಯ ಹುಚ್ಚು ಹತ್ತಿತ್ತು. ಆಗಿನ ಹಿರಿಯರು ಪೆಟ್ಟಿಗೆಯ ಮೇಲೆ 'ಪಾಲ್, ಸೆಕಾಮ್, ಎನ್‌ಟಿಎಸ್‌ಸಿ' ಎಂಬ ಮೂರೂ ಹೆಸರು ಅಚ್ಚಾಗಿದೆಯೇ ಎಂದು ನೋಡಿಯೇ ದಿನಾರ್ ಎಣಿಸುತ್ತಿದ್ದರು. ಆ ಯಂತ್ರಗಳಲ್ಲಿ ಎಷ್ಟೋ ಊರು ಸೇರಲೇ ಇಲ್ಲ. 1990ರ ಆಗಸ್ಟ್ 2ರಂದು ಇರಾಕ್ ಸೈನ್ಯ ನುಗ್ಗಿದಾಗ ಎಲ್ಲ ಬಿಟ್ಟು, ಬಸ್ಸು ಹತ್ತಿ, ಅಮ್ಮಾನ್ ತಲುಪಿ, ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ ಇಳಿದವರಲ್ಲಿ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರೂ ಇದ್ದರು. ಹದಿನಾರು ವರ್ಷಗಳ ನಂತರವೂ ಅವರು ಹೇಳುತ್ತಿದ್ದುದು ಒಂದೇ: "ಪೆಟ್ಟಿಗೆ ಕೂಡ ಒಡೆದಿರಲಿಲ್ಲ ಮಾರಾಯ್ರೆ, ಹಗ್ಗ ಕಟ್ಟಿ ಹೆಸರು ಬರೆದಿಟ್ಟಿದ್ದೆ."

ಟೇಪು ಹೋಗಿ ಡಿಸ್ಕು ಬಂದಾಗ ಮತ್ತೆ ಅದೇ ಜಗಳ ಶುರುವಾಗುವುದಿತ್ತು. ಸೋನಿ-ಫಿಲಿಪ್ಸ್ ಒಂದು ಕಡೆ, ತೊಷಿಬಾ ಮತ್ತದರ ಗೆಳೆಯರು ಇನ್ನೊಂದು ಕಡೆ. ಐಬಿಎಂ ಮುಂತಾದ ಕಂಪ್ಯೂಟರ್ ಕಂಪನಿಗಳು ಎರಡು ಬಗೆ ತಂದರೆ ತಾವು ಯಾವುದನ್ನೂ ಬಳಸುವುದಿಲ್ಲ ಎಂದು ಪಟ್ಟು ಹಿಡಿದವು. 1995ರಲ್ಲಿ ರಾಜಿಯಾಗಿ ಡಿವಿಡಿ ಎಂಬ ಒಂದೇ ಡಿಸ್ಕು ಹುಟ್ಟಿತು. ಹೀಗೆ ಜಗಳ ತಪ್ಪಿತಾದರೂ ಲೋಕವನ್ನು ವಲಯಗಳಾಗಿ ಕತ್ತರಿಸಿದರು. ಕುವೈತ್ ವಲಯ 2, ಭಾರತ ವಲಯ 5. ನಾವು ಸಂಬಳ ತೆಗೆದುಕೊಳ್ಳುವ ಊರಿನ ಡಿಸ್ಕು ನಾವು ಹುಟ್ಟಿದ ಊರಿನ ಪ್ಲೇಯರಿನಲ್ಲಿ ಓಡಬಾರದು ಎಂದು ಯಾರೋ ಎಲ್ಲೋ ಕೂತು ತೀರ್ಮಾನಿಸಿದಂತಾಯಿತು.

ಇನ್ನು ನೀಲಿ ಬೆಳಕಿನ ಜಗಳ. ಡಿಸ್ಕಿನ ಮೇಲಿನ ಸಣ್ಣ ಗುಳಿಗಳನ್ನು ಲೇಸರ್ ಬೆಳಕು ಓದುತ್ತದೆ. ಸಿ.ಡಿ.ಗೆ 780 ನ್ಯಾನೋಮೀಟರ್ ಅಲೆಯುದ್ದದ ಬೆಳಕು, ಡಿವಿಡಿಗೆ 650ರ ಕೆಂಪು ಬೆಳಕು. ಅಲೆ ಚಿಕ್ಕದಾದಷ್ಟೂ ಗುಳಿ ಚಿಕ್ಕದು, ಅದೇ ಜಾಗದಲ್ಲಿ ಹೆಚ್ಚು ತುಂಬಬಹುದು. 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರ್ ಕೈಗೆ ಬಂದಾಗ ಎರಡು ಗುಂಪುಗಳೂ ಅದನ್ನೇ ಹಿಡಿದವು. ತೊಷಿಬಾದ ಎಚ್‌ಡಿ ಡಿವಿಡಿ ಒಂದು ಪದರಕ್ಕೆ 15 ಗಿಗಾಬೈಟ್, ಸೋನಿ ಬಳಗದ ಬ್ಲೂ-ರೇ 25 ಗಿಗಾಬೈಟ್. ಡಿಸ್ಕಿನ ಅಗಲ ಅದೇ 12 ಸೆಂಟಿಮೀಟರ್, ಬೆಳಕೂ ಅದೇ. ವ್ಯತ್ಯಾಸವೆಲ್ಲ ಆಳದಲ್ಲಿ. ಎಚ್‌ಡಿ ಡಿವಿಡಿಯಲ್ಲಿ ಮಾಹಿತಿಯ ಪದರ ಹಳೆಯ ಡಿವಿಡಿಯಂತೆ 0.6 ಮಿಲಿಮೀಟರ್ ಒಳಗಿತ್ತು. ಹಾಗಾಗಿ ಹಳೆಯ ಕಾರ್ಖಾನೆಯಲ್ಲೇ ಅಗ್ಗವಾಗಿ ಮಾಡಬಹುದಿತ್ತು. ಬ್ಲೂ-ರೇಯಲ್ಲಿ ಅದು ಬರೇ 0.1 ಮಿಲಿಮೀಟರ್ ಒಳಗೆ, ಹೆಚ್ಚುಕಡಿಮೆ ಚರ್ಮದ ಮೇಲೇ. ಲೆನ್ಸು ಬೇರೆ ಬೇಕು, ಕಾರ್ಖಾನೆಯಲ್ಲಿ ಹೊಸ ಯಂತ್ರ ಬೇಕು, ಆದರೆ ಹಿಡಿಸುವುದು ಹೆಚ್ಚು.

2006ರ ವಸಂತದಲ್ಲಿ ಎಚ್‌ಡಿ ಡಿವಿಡಿ ಅಂಗಡಿಗೆ ಬಂತು, ಜೂನಿನಲ್ಲಿ ಬ್ಲೂ-ರೇ. ಹಾಲಿವುಡ್ ಇಬ್ಭಾಗವಾಯಿತು. ಡಿಸ್ನಿ, ಫಾಕ್ಸ್, ಸೋನಿ ಒಂದು ಕಡೆ. ಯೂನಿವರ್ಸಲ್ ಇನ್ನೊಂದು ಕಡೆ. ವಾರ್ನರ್ ಎರಡೂ ದೋಣಿಯಲ್ಲಿ ಒಂದೊಂದು ಕಾಲಿಟ್ಟಿತು. ನೋಡುವವನಿಗೆ ತನಗೆ ಬೇಕಾದ ಸಿನಿಮಾ ಯಾವ ಗುಂಪಿನದು ಎಂದು ತಿಳಿದು ಯಂತ್ರ ಕೊಳ್ಳುವ ಪಾಡು.

ಟೇಪಿನಲ್ಲಿ ಆಗದಿದ್ದದ್ದು ಇಲ್ಲಿ ಆಗುವಂತಿತ್ತು. ಡಿಸ್ಕಿನ ಅಗಲವೂ ಬೆಳಕೂ ಒಂದೇ ಆದ್ದರಿಂದ ಒಂದೇ ಪೆಟ್ಟಿಗೆಯಲ್ಲಿ ಎರಡನ್ನೂ ಓದಿಸಬಹುದು. 2007ರ ಜನವರಿಯಲ್ಲಿ ಎಲ್‌ಜಿ ಅದನ್ನು ಮಾಡಿ ತೋರಿಸಿತು. ಬಿಎಚ್100 ಎಂಬ ಪ್ಲೇಯರ್, ಬೆಲೆ 1,199 ಡಾಲರ್. ಆಗಿನ ಲೆಕ್ಕಕ್ಕೆ ಸುಮಾರು 345 ದಿನಾರ್. ಅಂಗಡಿಯವ ನಕ್ಕದ್ದು ಇದಕ್ಕೇ. ಅಷ್ಟು ಕೊಟ್ಟವನಿಗೂ ಪೂರ್ತಿ ನ್ಯಾಯ ಸಿಗಲಿಲ್ಲ. ಅದು ಎಚ್‌ಡಿ ಡಿವಿಡಿಯ ಸಿನಿಮಾ ತೋರಿಸುತ್ತಿತ್ತು, ಆದರೆ ಅದರ ಮೆನು ಮತ್ತಿತರ ಸೌಲಭ್ಯಗಳನ್ನು ತೋರಿಸುತ್ತಿರಲಿಲ್ಲ. ಹಾಗಾಗಿ ಎಚ್‌ಡಿ ಡಿವಿಡಿಯ ಅಧಿಕೃತ ಲಾಂಛನವೂ ಅದರ ಮೇಲಿರಲಿಲ್ಲ. ತಮಾಷೆಯೆಂದರೆ ಸಾದಾ ಹಾಡಿನ ಸಿ.ಡಿ.ಯನ್ನೂ ಅದು ಹಾಡುತ್ತಿರಲಿಲ್ಲ. ಅದೇ ವರ್ಷದ ಕೊನೆಗೆ ಎಲ್‌ಜಿಯ ಬಿಎಚ್200, ಸ್ಯಾಮ್‌ಸಂಗ್‌ನ ಬಿಡಿ-ಯುಪಿ5000 ಬಂದು ಎರಡೂ ಬಗೆಯನ್ನು ಸರಿಯಾಗಿ ಓಡಿಸಿದವು. ವಾರ್ನರ್‌ನವರು ಇನ್ನೂ ಮುಂದೆ ಹೋಗಿ, ಒಂದು ಮುಖ ಬ್ಲೂ-ರೇ, ಇನ್ನೊಂದು ಮುಖ ಎಚ್‌ಡಿ ಡಿವಿಡಿ ಇರುವ 'ಟೋಟಲ್ ಎಚ್‌ಡಿ' ಡಿಸ್ಕನ್ನು ಘೋಷಿಸಿದರು. ಅದು ಅಂಗಡಿಗೆ ಬರಲೇ ಇಲ್ಲ.

ಇಲ್ಲಿ ನಮ್ಮ ಕೆಲಸದ ಒಂದು ಮಾತು ಹೇಳಲೇಬೇಕು. ಫಾರ್ಮಸಿ ಕಿಟಕಿಯ ಹಿಂದೆ ನಿಂತವರಿಗೆ ಇಂಥ ಜೋಡಿ ಪದ್ಧತಿ ದಿನದ ಊಟ. ಇಂಗ್ಲೆಂಡಿನಲ್ಲಿ ಓದಿದ ಡಾಕ್ಟರ್ ಪ್ಯಾರಾಸಿಟಮಾಲ್ ಬರೆಯುತ್ತಾರೆ, ಅಮೆರಿಕದಲ್ಲಿ ಓದಿದವರು ಅಸಿಟಮಿನೋಫೆನ್. ದಮ್ಮಿನ ರೋಗಿಗೆ ಒಬ್ಬರು ಸಾಲ್ಬುಟಮಾಲ್, ಇನ್ನೊಬ್ಬರು ಆಲ್ಬುಟೆರಾಲ್. ಔಷಧ ಅದೇ, ಹೆಸರು ಎರಡು. ವಿಶ್ವ ಆರೋಗ್ಯ ಸಂಸ್ಥೆ 1953ರಿಂದ ಎಲ್ಲ ಔಷಧಕ್ಕೂ ಒಂದು ಅಂತರರಾಷ್ಟ್ರೀಯ ಹೆಸರು ಕೊಡುತ್ತಾ ಬಂದಿದೆ. ಆದರೂ ರೋಗಿ ಬ್ಯಾಗಿನಿಂದ ಅಮೆರಿಕದ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟಾಗ ಎರಡೂ ಹೆಸರು ಒಂದೇ ಎಂದು ಗುರುತಿಸಬೇಕಾದದ್ದು ನಾವೇ. ತಪ್ಪಿದರೆ ಒಂದೇ ಔಷಧ ಎರಡು ಪಟ್ಟು ಹೊಟ್ಟೆಗೆ ಹೋಗುತ್ತದೆ. ಡಿಪ್ಲೊಮಾದ ಸಂಬಳಕ್ಕೆ ಕೊಳ್ಳುವ, ಎರಡೂ ಓದುವ ಪ್ಲೇಯರ್‌ಗಳು ನಾವು ಎಂದು ಆಗ ಕೋಣೆಯಲ್ಲಿ ಹೇಳಿ ನಗುತ್ತಿದ್ದೆವು.

ಜಗಳ ಮುಗಿದದ್ದು ಬಹಳ ಬೇಗ. 2007ರ ನವೆಂಬರಿನಲ್ಲಿ ಅಮೆರಿಕದ ವಾಲ್‌ಮಾರ್ಟ್ ತೊಷಿಬಾದ ಎಚ್‌ಡಿ-ಎ2 ಪ್ಲೇಯರನ್ನು 98.87 ಡಾಲರಿಗೆ ಮಾರಿತು. ಎಚ್‌ಡಿ ಡಿವಿಡಿ ಗೆದ್ದೇಬಿಟ್ಟಿತು ಅಂದವರಿದ್ದರು. ಎರಡು ತಿಂಗಳಲ್ಲಿ, 2008ರ ಜನವರಿ 4ರಂದು, ವಾರ್ನರ್ ಬ್ಲೂ-ರೇ ದೋಣಿಗೆ ಪೂರ್ತಿ ಹಾರಿತು. ಫೆಬ್ರವರಿಯಲ್ಲಿ ವಾಲ್‌ಮಾರ್ಟ್ ಕೂಡ ಅದೇ ಕಡೆ ಸರಿಯಿತು. ಫೆಬ್ರವರಿ 19ರಂದು ತೊಷಿಬಾ ತನ್ನ ಅಂಗಡಿ ಮುಚ್ಚುತ್ತೇನೆಂದು ಹೇಳಿತು. ಮರುವರ್ಷ ತೊಷಿಬಾವೇ ಬ್ಲೂ-ರೇ ಪ್ಲೇಯರ್ ಮಾಡಿತು. ಎರಡೂ ಓಡುವ ಪ್ಲೇಯರಿಗೆ ಹೆಚ್ಚು ದುಡ್ಡು ಕೊಟ್ಟವರ ಪಾಡು ನೋಡಿ. ತಪ್ಪಬಾರದೆಂದು ಎಲ್ಲರಿಗಿಂತ ಹೆಚ್ಚು ತೆತ್ತವರು ಅವರೇ, ಒಂದೇ ವರ್ಷದಲ್ಲಿ ಅರ್ಧ ಯಂತ್ರ ಕೆಲಸಕ್ಕೆ ಬಾರದೆ ಕೂತಿತು. ನಾವು ಕೊಳ್ಳಲಿಲ್ಲ. ಅದು ಜಾಣತನವಲ್ಲ, ಕಿಸೆ ಹಗುರ ಇದ್ದದ್ದಷ್ಟೇ.

ಆದರೆ ನಮ್ಮಲ್ಲೊಬ್ಬ ಕೊಂಡ. ಬೈಂದೂರಿನ ಗೆಳೆಯ, ಆ ವರ್ಷದ ಏಪ್ರಿಲಿನಲ್ಲಿ ಅಲ್ ರಾಯ್‌ನ ಶುಕ್ರವಾರದ ಸಂತೆಯಲ್ಲಿ. ಅಮೆರಿಕನ್ ಕ್ಯಾಂಪಿನಿಂದ ಬಂದದ್ದೆಂದು ಹೇಳಿ ಮಾರುತ್ತಿದ್ದ ಎಚ್‌ಡಿ ಡಿವಿಡಿ ಪ್ಲೇಯರ್, ಐದು ಡಿಸ್ಕುಗಳ ಸಮೇತ 12 ದಿನಾರ್. ಕೋಣೆಗೆ ತಂದು ನೋಡಿದರೆ ಚಪ್ಪಟೆ ಎರಡು ಕಡ್ಡಿಯ ಪ್ಲಗ್ಗು, 120 ವೋಲ್ಟು. ಇಲ್ಲಿನ ಕರೆಂಟು 240. ಮತ್ತೆ 4 ದಿನಾರ್ ಕೊಟ್ಟು ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ತಂದ. ಅದು ರಾತ್ರಿಯಿಡೀ ಜೀರುಂಡೆಯಂತೆ ಗುಂಯ್‌ಗುಡುತ್ತಿತ್ತು. ಆ ಐದು ಡಿಸ್ಕು ಹಾಕಿದಾಗ ಚಿತ್ರ ಮಾತ್ರ ನಿಜಕ್ಕೂ ಕಣ್ಣು ಕುಕ್ಕುವಂತಿತ್ತು. ನಟನ ಗಡ್ಡದ ಕೂದಲು ಎಣಿಸಬಹುದಿತ್ತು. ಒಂದು ವಾರದಲ್ಲಿ ಐದೂ ಮುಗಿದವು. ಆರನೆಯದು ಎಲ್ಲೂ ಸಿಗಲಿಲ್ಲ. ಊರಿನಿಂದ ತಂದ ಡಿವಿಡಿಗಳಲ್ಲಿ ಎಲ್ಲ ವಲಯಕ್ಕೂ ಆಗುವ ಎನ್‌ಟಿಎಸ್‌ಸಿ ಡಿಸ್ಕುಗಳು ಓಡಿದವು, ಪಾಲ್‌ನವು ಓಡಲಿಲ್ಲ. ವಿಸಿಡಿಯನ್ನು ಅದು ಮೂಸಿಯೂ ನೋಡಲಿಲ್ಲ.

ಕೋಣೆಯಲ್ಲಿ ಇದ್ದದ್ದೆಲ್ಲ ವಿಸಿಡಿಯೇ. 2006ರ ಡಿಸೆಂಬರ್ ಕೊನೆಗೆ ಬಿಡುಗಡೆಯಾದ 'ಮುಂಗಾರು ಮಳೆ' ಡಿಸ್ಕಿಗೆ ಬಂದ ಮೇಲೆ ರಜೆಯಿಂದ ಮರಳಿದ ಒಬ್ಬೊಬ್ಬರ ಬ್ಯಾಗಿನಲ್ಲೂ ಒಂದೊಂದು ಪ್ರತಿ ಇತ್ತು. 2007ರಲ್ಲಿ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರತೊಡಗಿದ ಮೇಲಂತೂ ಕೇಳುವುದೇ ಬೇಡ. ವಿಸಿಡಿಯ ಚಿತ್ರದಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿ. ಬ್ಲೂ-ರೇಯಲ್ಲಿ 1920, 1080. ಲೆಕ್ಕ ಹಾಕಿದರೆ ಇಪ್ಪತ್ತು ಪಟ್ಟು. ಜಪಾನಿನ ಎರಡು ಗುಂಪುಗಳು ಆ ಇಪ್ಪತ್ತು ಪಟ್ಟಿಗಾಗಿ ಬಡಿದಾಡುತ್ತಿದ್ದಾಗ, ನಾವು ಎಂಟು ಹತ್ತು ಜನ ಶುಕ್ರವಾರ ಮಧ್ಯಾಹ್ನ ಮೀನುಸಾರು ಉಂಡು, ಮಳೆ ಹನಿಯೆಲ್ಲ ಚೌಕಚೌಕವಾಗಿ ಕಾಣುವ ವಿಸಿಡಿಯಲ್ಲಿ ಜೋಗ ನೋಡುತ್ತಾ ಗಂಟಲು ಕಟ್ಟಿಸಿಕೊಳ್ಳುತ್ತಿದ್ದೆವು. ಮೊದಲ ಡಿಸ್ಕು ಮುಗಿದಾಗ ಎದ್ದು ಎರಡನೆಯದು ಹಾಕುವ ಕೆಲಸ ಕೋಣೆಗೆ ಕಡೆಯದಾಗಿ ಬಂದವನದು.

ಅದನ್ನು ಓಡಿಸುತ್ತಿದ್ದದ್ದು 8 ದಿನಾರಿನ ಚೀನೀ ಪ್ಲೇಯರ್. ವಿಸಿಡಿ, ಡಿವಿಡಿ, ಎಂಪಿ3, ಪಾಲ್, ಎನ್‌ಟಿಎಸ್‌ಸಿ ಏನು ಕೊಟ್ಟರೂ ನುಂಗುತ್ತಿತ್ತು. ವಲಯದ ಬೀಗವನ್ನು ಅಂಗಡಿಯ ಹುಡುಗ ರಿಮೋಟಿನಲ್ಲಿ ನಾಲ್ಕು ಗುಂಡಿ ಒತ್ತಿ ತೆಗೆದು ಕೊಟ್ಟಿದ್ದ. 345 ದಿನಾರಿನ ಯಂತ್ರ ಹಾಲಿವುಡ್ಡಿನ ಎರಡು ಗುಂಪುಗಳನ್ನು ಸೇರಿಸಲು ಹೆಣಗುತ್ತಿದ್ದಾಗ, ಹೆಸರೂ ಸರಿಯಾಗಿ ಓದಲಾಗದ ಈ ತಗಡಿನ ಡಬ್ಬಿ ಕುವೈತನ್ನೂ ಕುಂದಾಪುರವನ್ನೂ ಸೇರಿಸಿತ್ತು. ಇತಿಹಾಸ ಬರೆಯುವವರು ಇದರ ಸುದ್ದಿ ಎತ್ತುವುದು ಕಡಿಮೆ. ಗೆದ್ದ ಬ್ಲೂ-ರೇ ಕೂಡ ಕುವೈತನ್ನು ಬಿ ವಲಯಕ್ಕೂ ಭಾರತವನ್ನು ಸಿ ವಲಯಕ್ಕೂ ಹಾಕಿತು. ವಲಯದ ಬೀಗವೇ ಇಲ್ಲದೆ ಬಂದದ್ದು ಸೋತ ಎಚ್‌ಡಿ ಡಿವಿಡಿ. ಆ ಒಂದು ಕಾರಣಕ್ಕೆ ನಮಗೆ ಅದರ ಮೇಲೆ ಸ್ವಲ್ಪ ಪ್ರೀತಿ ಉಳಿದಿದೆ.

ಬೈಂದೂರಿನ ಗೆಳೆಯ ಹಟ ಬಿಡಲಿಲ್ಲ. ಮುಂದಿನ ರಜೆಗೆ ಪ್ಲೇಯರನ್ನೂ ಟ್ರಾನ್ಸ್‌ಫಾರ್ಮರನ್ನೂ ಕಟ್ಟಿಕೊಂಡು ಹೊರಟ. ವಿಮಾನ ನಿಲ್ದಾಣದಲ್ಲಿ ತೂಕ ಹೆಚ್ಚಾಗಿ, ಅಲ್ಲೇ ಪೆಟ್ಟಿಗೆ ಬಿಚ್ಚಿ ಎರಡು ಡಬ್ಬಿ ಹಾಲಿನ ಪುಡಿ ನಮ್ಮ ಕೈಗೆ ಕೊಟ್ಟು ಹೋದ. ಮನೆಯಲ್ಲಿ ಅದು ಎರಡು ಮಳೆಗಾಲ ಓಡಿತಂತೆ. ಕೆಲವು ವರ್ಷಗಳ ನಂತರ ನಾವು ಅವನ ತಂಗಿಯ ಮದುವೆಗೆ ಹೋದಾಗ ಪ್ಲೇಯರ್ ಅಟ್ಟದ ಮೇಲಿತ್ತು. ಆ ಐದು ಡಿಸ್ಕುಗಳಿಗೆ ಅವನ ಅಮ್ಮ ದಾರ ಪೋಣಿಸಿ, ಕಾಯಿಪಲ್ಲೆಯ ಚಪ್ಪರಕ್ಕೆ ಹಕ್ಕಿ ಬಾರದ ಹಾಗೆ ಕಟ್ಟಿದ್ದರು. "ಇವು ಒಳ್ಳೆ ಹೊಳೀತ್ವೆ ಮಾರಾಯ, ಇನ್ನೆರಡು ಇದ್ದರೆ ತಕಂಬಾ" ಅಂದರು.